ಕಣ್ಣಿನ ಬಳಿಯ ಮಸೂರ: ವಿಜಯಪುರ ಸೀಮೆ ಮತ್ತು ನೇತ್ರಕದ ಚರಿತ್ರೆ

ದೂರದರ್ಶಕದಲ್ಲಿ ಎರಡು ಕೆಲಸಗಳು ಬೇರೆಬೇರೆಯಾಗಿ ನಡೆಯುತ್ತವೆ. ಆಕಾಶದ ಕಡೆಗಿರುವ ವಸ್ತುಮಸೂರ ಅಥವಾ ಕನ್ನಡಿಯು ಬೆಳಕನ್ನು ಕಲೆಹಾಕಿ ಕೊಳವೆಯೊಳಗೆ ಪುಟ್ಟ ಬಿಂಬವೊಂದನ್ನು ಮೂಡಿಸಿದರೆ, ಕಣ್ಣಿನ ಕಡೆಗಿರುವ ನೇತ್ರಕವು, ಅಂದರೆ ಹವ್ಯಾಸಿ ವೀಕ್ಷಕರು ‘ಐಪೀಸ್’ ಎಂದು ಕರೆಯುವ ಮಸೂರಜೋಡಣೆಯು, ಆ ಬಿಂಬವನ್ನು ಹಿಗ್ಗಿಸಿ ಕಣ್ಣಿಗೆ ಒಪ್ಪಿಸುತ್ತದೆ. ದೂರದರ್ಶಕ ಕೊಂಡವರು ಕೆಲವು ತಿಂಗಳಲ್ಲೇ ಇನ್ನೂ ಒಳ್ಳೆಯ ನೇತ್ರಕಕ್ಕಾಗಿ ಹುಡುಕತೊಡಗುವುದು ಸಹಜವಾದರೂ, ಆ ಹುಡುಕಾಟ ಬಹುಮಟ್ಟಿಗೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತದೆ. ಯಾವ ಕೆಲಸಕ್ಕೆ, ಆಕಾಶದ ಎಷ್ಟು ಅಗಲ ಕಾಣಬೇಕು ಎಂಬುದು ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೆಂಬುದನ್ನು ನೇತ್ರಕದ ಚರಿತ್ರೆಯೂ, 1868ರಲ್ಲಿ ವಿಜಯಪುರದಲ್ಲಿ ನಡೆದ ಒಂದು ವೀಕ್ಷಣೆಯೂ ತಿಳಿಸಿಕೊಡುತ್ತವೆ.

ಮಸೂರಗಳಿಗಿಂತ ಹಳೆಯದು ಬರಿಯ ಕೊಳವೆ. ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ‘ಸಿದ್ಧಾಂತ ಶಿರೋಮಣಿ’ಯಲ್ಲಿ ತಮ್ಮ ಊರೆಂದು ಹೇಳಿಕೊಂಡಿರುವ ವಿಜ್ಜಡವಿಡವು ವಿಜಯಪುರವೇ ಎಂಬ ಅಭಿಪ್ರಾಯ ಈ ಸೀಮೆಯಲ್ಲಿ ಬಲವಾಗಿದೆ, ಅದನ್ನು ಮಹಾರಾಷ್ಟ್ರದ ಚಾಳೀಸಗಾಂವದ ಆಸುಪಾಸಿನಲ್ಲಿ ಗುರುತಿಸುವ ವಿದ್ವಾಂಸರೂ ಇದ್ದಾರೆ. ಊರು ಯಾವುದೇ ಆಗಿರಲಿ, ಗಣಿತದಿಂದ ತಿಳಿದ ಗ್ರಹದ ಸ್ಥಾನದತ್ತ ಟೊಳ್ಳು ನಳಿಗೆಯನ್ನು ಕಟ್ಟಿ ನಿಲ್ಲಿಸಿ ಗ್ರಹವನ್ನು ನೇರವಾಗಿಯೂ ನೀರಿನ ಪ್ರತಿಬಿಂಬದಲ್ಲಿಯೂ ತೋರಿಸುವ ನಳಕಬಂಧದ ವಿಧಾನವು ಆ ಗ್ರಂಥದಲ್ಲಿದೆ. ನಳಿಗೆಯು ಏನನ್ನೂ ದೊಡ್ಡದು ಮಾಡುತ್ತಿರಲಿಲ್ಲ. ಬೇಡದ ಆಕಾಶವನ್ನು ಮರೆಮಾಡಿ, ಬೇಕಾದಷ್ಟನ್ನು ಮಾತ್ರ ಕಣ್ಣಿಗೆ ಉಳಿಸುತ್ತಿತ್ತು.

ಯುರೋಪಿನಲ್ಲಿ 1609ರಲ್ಲಿ ಗೆಲಿಲಿಯೊ ಬಳಸಿದ ದೂರದರ್ಶಕದ ನೇತ್ರಕವು ಒಂದೇ ಒಂದು ನಿಮ್ನ ಮಸೂರ, ಅಂದರೆ ನಡುವೆ ತಗ್ಗಾದ ಗಾಜು, ಆಗಿದ್ದುದರಿಂದ ಅದರಲ್ಲಿ ಕಾಣುವ ಆಕಾಶ ಬಹಳ ಕಿರಿದಾಗಿತ್ತು. ಅದರ ಬದಲು ನಡುವೆ ಉಬ್ಬಿದ ಪೀನ ಮಸೂರವನ್ನಿಟ್ಟರೆ ಬಿಂಬ ತಲೆಕೆಳಗಾದರೂ ನೋಟ ಹಿಗ್ಗುತ್ತದೆಂಬುದನ್ನು ಕೆಪ್ಲರ್ 1611ರಲ್ಲಿ ವಿವರಿಸಿದನು. ಬಳಿಕ ಹೈಗೆನ್ಸ್ 1660ರ ದಶಕದಲ್ಲಿ ಎರಡು ಮಸೂರಗಳನ್ನು ಜೋಡಿಸಿದನು; ರಾಮ್ಸ್‌ಡೆನ್ 1780ರ ದಶಕದಲ್ಲಿ ಅಳತೆಯ ಕೆಲಸಕ್ಕೆ ಒಗ್ಗುವ ಇನ್ನೊಂದು ಜೋಡಣೆಯನ್ನು ತಂದನು; ಅಂಚಿನ ಬಣ್ಣದ ದೋಷವನ್ನು ತಗ್ಗಿಸಿದ ಕೆಲ್ನರ್‌ನ ನೇತ್ರಕ 1849ರಲ್ಲಿಯೂ, ಇಂದಿಗೂ ಹವ್ಯಾಸಿಗಳ ಪೆಟ್ಟಿಗೆಯಲ್ಲಿರುವ ಪ್ಲಾಸೆಲ್ ಮಾದರಿ 1860ರಲ್ಲಿಯೂ ಬಂದವು. ಈ ಸುಧಾರಣೆಗಳ ಉದ್ದೇಶ ಬಿಂಬವನ್ನು ಹೆಚ್ಚು ದೊಡ್ಡದು ಮಾಡುವುದಾಗಿರಲಿಲ್ಲ, ಹೆಚ್ಚು ಅಗಲವಾಗಿಯೂ ಶುದ್ಧವಾಗಿಯೂ ತೋರಿಸುವುದಾಗಿತ್ತು.

ಈ ಚರಿತ್ರೆ ವಿಜಯಪುರವನ್ನು ತಲುಪಿದ್ದು 1868ರ ಆಗಸ್ಟ್ 18ರಂದು. ಅಂದು ಸಂಭವಿಸಿದ ಖಗ್ರಾಸ ಸೂರ್ಯಗ್ರಹಣದ ನೆರಳು ಪಶ್ಚಿಮ ಕರಾವಳಿಯಿಂದ ಜಮಖಂಡಿ, ವಿಜಯಪುರಗಳ ಮೇಲೆ ಹಾದು ಗುಂಟೂರು ಮತ್ತು ಮಚಲೀಪಟ್ಟಣದತ್ತ ಸಾಗಿತು. ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ, ಖಗೋಳಜ್ಞ ಸರ್ ಜಾನ್ ಹರ್ಷೆಲ್‌ರ ಮಗನಾದ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ದೊಡ್ಡ ದೂರದರ್ಶಕವನ್ನು ಹೂಡಿದ್ದನು. ವಿಜಯಪುರದಲ್ಲಿ ರಾಯಲ್ ಎಂಜಿನಿಯರ್ಸ್ ದಳದ ಕ್ಯಾಪ್ಟನ್ ಹೇಗ್ ಕೈಯಲ್ಲಿ ಹಿಡಿಯುವ ಚಿಕ್ಕ ಉಪಕರಣದೊಂದಿಗೆ ಸಿದ್ಧನಾಗಿದ್ದನು. ಬಬಲೇಶ್ವರವು ಈ ಎರಡು ಠಾಣೆಗಳ ನಡುವಿನ ದಾರಿಯಲ್ಲಿಯೂ ತಿಕೋಟಾ ವಿಜಯಪುರದ ಪಶ್ಚಿಮಕ್ಕೆ ಹತ್ತಿರದಲ್ಲಿಯೂ ಇರುವುದರಿಂದ, ಆ ಬೆಳಗಿನ ಕತ್ತಲೆಯು ಮುಂಗಾರಿನ ಮೋಡಗಳ ನಡುವೆ ಈ ಊರುಗಳ ಹೊಲಗಳ ಮೇಲೂ ಕವಿದಿತ್ತು.

ಹೇಗ್ ಬಳಸಿದ್ದು ಖಗೋಳಜ್ಞ ವಿಲಿಯಂ ಹಗಿನ್ಸ್ ರೂಪಿಸಿದ ಕೈ ರೋಹಿತದರ್ಶಕ. ರೋಹಿತದರ್ಶಕವೆಂದರೆ ಬೆಳಕನ್ನು ಅಶ್ರಗದಿಂದ, ಅಂದರೆ ಮೂಲೆಗಳುಳ್ಳ ಗಾಜಿನ ತುಂಡಿನಿಂದ, ಬಣ್ಣಬಣ್ಣಗಳಾಗಿ ಬಿಡಿಸಿ ತೋರಿಸುವ ಸಾಧನ. ಹಗಿನ್ಸನ ಉಪಕರಣದಲ್ಲಿ 1.2 ಇಂಚು ವ್ಯಾಸದ, ಸುಮಾರು 10 ಇಂಚು ಸಂಗಮದೂರದ, ಅಂದರೆ ಬೆಳಕು ಒಂದೆಡೆ ಕೂಡುವವರೆಗಿನ ದೂರದ, ವಸ್ತುಮಸೂರವೂ, ಒಂದು ಮೈ ಚಪ್ಪಟೆಯಾದ ಎರಡು ಪೀನ ಮಸೂರಗಳ ನೇತ್ರಕವೂ ಇದ್ದವು. ವಿಶಾಲವಾದ ನೋಟವೇ ಮುಖ್ಯವೆಂದು ಬಗೆದು, ನೇತ್ರಕದ ಒಳಮಸೂರವನ್ನು ವಸ್ತುಮಸೂರದಷ್ಟೇ ಅಗಲವಾಗಿ ಮಾಡಲಾಗಿತ್ತು, 1.2 ಇಂಚನ್ನು 10 ಇಂಚಿನಿಂದ ಭಾಗಿಸಿ ಡಿಗ್ರಿಗೆ ಪರಿವರ್ತಿಸಲು 57.3ರಿಂದ ಗುಣಿಸಿದರೆ ಸಿಗುವ ಸುಮಾರು 7 ಡಿಗ್ರಿ, ಎಂದರೆ ಹದಿನಾಲ್ಕು ಚಂದ್ರಬಿಂಬಗಳನ್ನು ಸಾಲಾಗಿ ಇಡಬಹುದಾದಷ್ಟು ಆಕಾಶ, ಅದರಲ್ಲಿ ಕಾಣುತ್ತಿತ್ತು.

ಸೂರ್ಯ ಪೂರ್ಣವಾಗಿ ಮರೆಯಾದ ಆ ಕೆಲವು ನಿಮಿಷಗಳಲ್ಲಿ ಹೇಗ್, ಅಂಚಿನಿಂದ ಚಾಚಿಕೊಂಡ ಕೆಂಪು ಜ್ವಾಲೆಗಳ ರೋಹಿತದಲ್ಲಿ ಎರಡು ಸ್ಪಷ್ಟವಾದ ಪ್ರಕಾಶಮಯ ಪಟ್ಟಿಗಳನ್ನು ಕಂಡನು: ಒಂದು ಗುಲಾಬಿ ಕೆಂಪು, ಇನ್ನೊಂದು ತಿಳಿ ಹೊಂಬಣ್ಣ. ಜ್ವಾಲೆಗಳು ಹೊಳೆಯುವ ಬಿಸಿ ಅನಿಲದಿಂದಾದವು ಎಂಬುದಕ್ಕೆ ಇಂತಹ ಬಿಡಿಬಿಡಿ ಪಟ್ಟಿಗಳೇ ಸಾಕ್ಷಿ. ಜಮಖಂಡಿಯಲ್ಲಿ ಮೋಡಗಳ ಕಾಟದ ನಡುವೆ ಹರ್ಷೆಲ್ ಕೆಂಪು, ಕಿತ್ತಳೆ, ನೀಲಿ ರೇಖೆಗಳನ್ನು ಗುರುತಿಸಿ ಅವುಗಳ ಸ್ಥಾನ ಅಳೆಯಲು ಶ್ರಮಿಸಿದನು. ಸೋಡಿಯಮ್ಮಿನದೆಂದು ಮೊದಲು ಎಣಿಸಲಾಗಿದ್ದ ಆ ಹೊಂಬಣ್ಣದ ರೇಖೆ ಬೇರೆಯೇ ಧಾತುವಿನದೆಂಬುದು ಖಗೋಳಜ್ಞ ಲಾಕ್ಯರ್‌ನ ಅಧ್ಯಯನದಿಂದ ಹೊರಬಂದು, ಆ ಧಾತು ಹೀಲಿಯಂ ಎಂಬ ಹೆಸರು ಪಡೆಯಿತು. ಭೂಮಿಯ ಮೇಲೆ ಅದನ್ನು 1895ರಲ್ಲಿ ರಸಾಯನವಿಜ್ಞಾನಿ ರಾಮ್ಸೆ ಪ್ರತ್ಯೇಕಿಸಿದನು. ಅಳೆಯುವುದಕ್ಕೆ ಹರ್ಷೆಲ್‌ನ ಉಪಕರಣ ಬೇಕಿತ್ತು, ಕೈಯಲ್ಲಿ ಹಿಡಿದು ಒಂದೇ ನೋಟದಲ್ಲಿ ಕಾಣುವುದಕ್ಕೆ ಹೇಗ್‌ನದು ಸಾಕಾಯಿತು. ಒಂದನ್ನು ಮೇಲು, ಇನ್ನೊಂದನ್ನು ಕೀಳು ಎನ್ನುವಂತಿಲ್ಲ.

ನೇತ್ರಕದ ಆಯ್ಕೆಗೆ ಇಂದಿಗೂ ಇದೇ ಗಣಿತ ದಾರಿ ತೋರುತ್ತದೆ. 150 ಮಿ.ಮೀ. ಕನ್ನಡಿಯ, 1200 ಮಿ.ಮೀ. ಸಂಗಮದೂರದ ದೂರದರ್ಶಕಕ್ಕೆ 10 ಮಿ.ಮೀ. ಸಂಗಮದೂರದ ನೇತ್ರಕ ಹಾಕಿದರೆ 1200ನ್ನು 10ರಿಂದ ಭಾಗಿಸಿದ 120 ಪಟ್ಟು ವರ್ಧನೆ ಸಿಗುತ್ತದೆ, 24 ಮಿ.ಮೀ. ಹಾಕಿದರೆ 50 ಪಟ್ಟು. ಶನಿಯ ಬಳೆಗೂ ಗುರುವಿನ ಪಟ್ಟೆಗಳಿಗೂ ಮೊದಲನೆಯದು ಒಪ್ಪುತ್ತದೆಯಾದರೂ, ಹಗಲೆಲ್ಲ ಕಾದ ಎರೆನೆಲ ಸಂಜೆಯ ಮೇಲೆ ಬಿಸಿ ಉಗುಳುತ್ತಿರುವಾಗ ಗಾಳಿಯ ನಡುಕವೂ ಅಷ್ಟೇ ಪಟ್ಟು ಹೆಚ್ಚಿ ಬಿಂಬ ಕದಡುತ್ತದೆ. ಆದ್ದರಿಂದ ಮೊದಲು ಬದಲಿಸಬೇಕಾದುದು ಹೆಚ್ಚಾಗಿ ಕಡಿಮೆ ವರ್ಧನೆಯ ನೇತ್ರಕವೇ. ಒಳಗಿನ ಕ್ಷೇತ್ರ ಉಂಗುರ, ಅಂದರೆ ನೋಟಕ್ಕೆ ಗಡಿ ಹಾಕುವ ಬಳೆ, ಎಷ್ಟು ಅಗಲವೋ ಅಷ್ಟು ಆಕಾಶ. ಒಂದೂಕಾಲು ಇಂಚಿನ ಕೊಳವೆಯಲ್ಲಿ ಅದು ಸುಮಾರು 27 ಮಿ.ಮೀ. ಮೀರಲಾರದಾದ್ದರಿಂದ ಈ ದೂರದರ್ಶಕದಲ್ಲಿ ಸಿಗುವ ಗರಿಷ್ಠ ಅಗಲ 1.3 ಡಿಗ್ರಿಯಷ್ಟು. ಕನ್ನಡಕ ಧರಿಸುವವರು ಕಣ್ಣಿಗೂ ಗಾಜಿಗೂ ನಡುವೆ 15ರಿಂದ 20 ಮಿ.ಮೀ. ಅಂತರ ಬಿಡುವ ಮಾದರಿಯನ್ನು ಆರಿಸಿಕೊಳ್ಳುವುದು ಮೇಲು.

ಕಡಿಮೆ ವರ್ಧನೆಯ, ಅಗಲ ನೋಟದ ನೇತ್ರಕದ ಬೆಲೆ ಗೊತ್ತಾಗುವುದು ನಗರದ ದೀಪಗಳಿಂದ ದೂರ ಸರಿದಾಗ. ಮೇ ತಿಂಗಳ ಮೊದಲ ದಿನಗಳಲ್ಲಿ ರಾತ್ರಿ ಹನ್ನೊಂದರ ಸುಮಾರಿಗೆ ತಿಕೋಟಾ, ಬಬಲೇಶ್ವರಗಳ ಬಯಲಿನಲ್ಲಿ ನಿಂತು ತೆಂಕಣ ದಿಗಂತದಿಂದ 26 ಡಿಗ್ರಿ ಮೇಲಕ್ಕೆ ದೂರದರ್ಶಕ ತಿರುಗಿಸಿದರೆ, ಲಂಡನ್ನಿನಿಂದ ಎಂದೂ ಕಾಣದ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ಚಂದ್ರಬಿಂಬದಷ್ಟು ಅಗಲಕ್ಕೆ ಹರಡಿ, ಸುತ್ತಲೂ ಕಪ್ಪು ಆಕಾಶವನ್ನು ಉಳಿಸಿಕೊಂಡು, 50 ಪಟ್ಟಿನ ನೋಟದಲ್ಲಿ ಇಡಿಯಾಗಿ ನಿಲ್ಲುತ್ತದೆ.