ಗುಡ್ ಫ್ರೈಡೇಯ ಬಟಾಟೆ

ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿನ ಲೀಡ್ಸ್ ನಗರಕ್ಕೆ ಹೋಗಿದ್ದ ವರ್ಷ. ಫೆಬ್ರವರಿ ಕೊನೆಯಲ್ಲಿ ಪಕ್ಕದ ಮನೆಯ ಅಜ್ಜಿ ನನ್ನನ್ನು ಚಹಾಕ್ಕೆ ಕರೆದರು. ಅವರ ಕಿಟಕಿಯ ಹತ್ತಿರ ಮೊಟ್ಟೆಯ ಟ್ರೇಗಳಿದ್ದವು. ಒಳಗೆ ಮೊಟ್ಟೆಯ ಬದಲು ಬಟಾಟೆ! ಕಣ್ಣುಗಳು ಮೇಲಕ್ಕೆ ಬರುವಂತೆ ಒಂದೊಂದನ್ನೂ ಜೋಡಿಸಿದ್ದರು. ಬೆಳಕಿರುವ ತಂಪು ಜಾಗದಲ್ಲಿ ಕೆಲವು ವಾರ ಹೀಗಿಟ್ಟರೆ ಗಿಡ್ಡ, ಗಟ್ಟಿ ಮೊಳಕೆ ಬರುತ್ತದೆ. "ಯಾವಾಗ ನೆಡುತ್ತೀರಿ?" ಎಂದು ಕೇಳಿದೆ. "ಗುಡ್ ಫ್ರೈಡೇ ದಿನ. ನನ್ನ ಅಪ್ಪ, ಅಜ್ಜ ಎಲ್ಲರೂ ಅಂದೇ ನೆಡುತ್ತಿದ್ದರು" ಎಂದರು.

ನನಗೆ ಆಶ್ಚರ್ಯವಾಯಿತು. ನಮ್ಮ ಚಾಂದ್ರಮಾನ ಯುಗಾದಿಯಂತೆ ಗುಡ್ ಫ್ರೈಡೇ ಕೂಡ ಚಂದ್ರನನ್ನು ಹಿಡಿದು ಲೆಕ್ಕ ಹಾಕುವ ದಿನ. ಮಾರ್ಚ್ 20ರಿಂದ ಏಪ್ರಿಲ್ 23ರೊಳಗೆ ಎಂದಾದರೂ ಬರಬಹುದು. ಆ ದೇಶದಲ್ಲಿ ಏಪ್ರಿಲ್‌ನಲ್ಲೂ ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಎಳೆ ಚಿಗುರು ಕರಟಿಹೋಗುತ್ತದೆ. ಒಂದು ತಿಂಗಳು ಹಿಂದೆ ಮುಂದೆ ಆಗುವ ದಿನವನ್ನು ಬೇಸಾಯಕ್ಕೆ ಯಾರಾದರೂ ಗೊತ್ತು ಮಾಡುತ್ತಾರೆಯೇ? ಇದಕ್ಕೆ ಕಾರಣ ಹವೆಯಲ್ಲ, ಚರಿತ್ರೆ ಎಂಬುದು ಆಮೇಲೆ ಓದುತ್ತಾ ಹೋದಾಗ ತಿಳಿಯಿತು. ವಸಂತದ ಆರಂಭದಲ್ಲಿ ದುಡಿಯುವ ಜನಕ್ಕೆ ಸಿಗುತ್ತಿದ್ದ ರಜೆ ಅದೊಂದೇ.

ಅಜ್ಜಿಯ ಬಟಾಟೆ ಹೋಗುವುದು 'ಅಲಾಟ್‌ಮೆಂಟ್'ಗೆ, ಅಂದರೆ ತರಕಾರಿ ಬೆಳೆಯಲು ಬಾಡಿಗೆಗೆ ಸಿಗುವ ತುಂಡು ಭೂಮಿಗೆ. ಅದರ ಹಳೆಯ ಅಳತೆ ಹತ್ತು 'ರಾಡ್', ಸುಮಾರು 250 ಚದರ ಮೀಟರ್. ನಮ್ಮ ಅರವತ್ತು-ನಲವತ್ತರ ಸೈಟಿಗಿಂತ ಸ್ವಲ್ಪ ದೊಡ್ಡದು. ಇಷ್ಟು ನೆಲಕ್ಕಾಗಿ ಅಲ್ಲಿನ ಬಡವರು ಎಷ್ಟು ಕಾಲ ಕಾಯಬೇಕಾಯಿತು ಎಂಬುದೇ ಇದರ ಕಥೆ.

ಹಿಂದೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಊರವರು ದನ ಮೇಯಿಸುವ, ಸೌದೆ ತರುವ ಹಕ್ಕಿದ್ದ ಭೂಮಿ ಇತ್ತು. ಜಮೀನ್ದಾರರು ಅದಕ್ಕೆ ಬೇಲಿ ಹಾಕಿ ಸ್ವಂತ ಮಾಡಿಕೊಳ್ಳುತ್ತಾ ಬಂದರು. 1604ರಿಂದ 1914ರವರೆಗೆ ಪಾರ್ಲಿಮೆಂಟು ಇದಕ್ಕಾಗಿ 5,200ಕ್ಕೂ ಹೆಚ್ಚು ಕಾಯಿದೆ ಮಾಡಿತು. ಬೇಲಿಯೊಳಗೆ ಸೇರಿದ್ದು ಸುಮಾರು 68 ಲಕ್ಷ ಎಕರೆ.

ವಿರೋಧವೂ ಬಂತು. 1649ರ ಏಪ್ರಿಲ್ 1ರಂದು, ಚಾರ್ಲ್ಸ್ ದೊರೆಯ ತಲೆ ಕಡಿದು ಎರಡು ತಿಂಗಳಾಗಿತ್ತಷ್ಟೆ, ಜೆರಾರ್ಡ್ ವಿನ್‌ಸ್ಟನ್ಲಿ ಮತ್ತು ಸಂಗಡಿಗರು ಸರ್ರೆ ಪ್ರಾಂತ್ಯದ ಸೇಂಟ್ ಜಾರ್ಜ್ ಗುಡ್ಡದ ಪಾಳು ನೆಲವನ್ನು ಅಗೆಯತೊಡಗಿದರು. ಭೂಮಿ ಎಲ್ಲರ ಸೊತ್ತು ಎಂಬುದು ಅವರ ವಾದ. ಬಿತ್ತಿದ್ದು ಕ್ಯಾರೆಟ್, ಬೀನ್ಸ್ ಮತ್ತು ಪಾರ್ಸ್‌ನಿಪ್ ಎಂಬ ಬಿಳಿ ಗೆಡ್ಡೆ. ಅವರ ಬೆಳೆ ಕಿತ್ತರು, ಗುಡಿಸಲು ಮುರಿದರು. ಒಂದು ವರ್ಷದಲ್ಲಿ ಅವರನ್ನು ಓಡಿಸಿಯೇ ಬಿಟ್ಟರು. ಚರಿತ್ರೆಯಲ್ಲಿ ಅವರ ಹೆಸರು 'ಡಿಗ್ಗರ್ಸ್', ಅಗೆಯುವವರು.

1845ರ ಕಾಯಿದೆ, ಬೇಲಿ ಹಾಕುವಾಗ ಬಡವರ ತರಕಾರಿಗೂ ಒಂದಿಷ್ಟು ಜಾಗ ಬಿಡಬೇಕೆಂದಿತು. ಆಮೇಲೆ ಬೇಲಿ ಹಾಕಿದ ಆರು ಲಕ್ಷಕ್ಕೂ ಮಿಕ್ಕಿದ ಎಕರೆಯಲ್ಲಿ ಇದಕ್ಕೆಂದು ಬಿಟ್ಟಿದ್ದು ಎರಡು ಸಾವಿರ ಚಿಲ್ಲರೆ ಎಕರೆ ಮಾತ್ರ. ಕೊಟ್ಟ ಕಡೆಯೂ ಷರತ್ತುಗಳಿದ್ದವು. ಭಾನುವಾರ ಅಗೆಯಬಾರದು, ಇಗರ್ಜಿಗೆ ಹೋಗಬೇಕು. ಕೂಲಿಯವನು ತನ್ನ ನೆಲದಲ್ಲಿ ದಣಿದು ಬಂದರೆ ನಮ್ಮ ಹೊಲಕ್ಕೆ ನಷ್ಟ ಎಂದು ಒಡೆಯರಿಗೆ ಚಿಂತೆ. ವಾರವಿಡೀ ಪರರ ದುಡಿಮೆ, ಭಾನುವಾರ ನಿಷೇಧ. ಮತ್ತೆ ಉಳಿಯುವುದು ಗುಡ್ ಫ್ರೈಡೇ ತಾನೇ! ಕೊನೆಗೆ 1908ರ ಕಾಯಿದೆ, ಬೇಡಿಕೆ ಇದ್ದಲ್ಲಿ ಭೂಮಿ ಒದಗಿಸುವುದು ಸ್ಥಳೀಯ ಕೌನ್ಸಿಲ್‌ಗಳ ಕರ್ತವ್ಯ ಎಂದಿತು. ದಯೆಯಿಂದ ಸಿಗುತ್ತಿದ್ದದ್ದು ಹಕ್ಕಾಗಿ ಸಿಗತೊಡಗಿತು.

ಎರಡನೇ ಮಹಾಯುದ್ಧದಲ್ಲಿ ಈ ತುಂಡು ನೆಲಗಳೇ ದೇಶಕ್ಕೆ ಆಸರೆಯಾದವು. 1939ರಲ್ಲಿ 'ಡಿಗ್ ಫಾರ್ ವಿಕ್ಟರಿ', ಗೆಲುವಿಗಾಗಿ ಅಗೆಯಿರಿ, ಎಂಬ ಕರೆ ಹೊರಟಿತು. ಅಲಾಟ್‌ಮೆಂಟ್‌ಗಳು ಸುಮಾರು 14 ಲಕ್ಷಕ್ಕೆ ಏರಿದವು. ಲಂಡನ್ ಟವರ್‌ನ ಕಂದಕದಲ್ಲೂ ತರಕಾರಿ ಬೆಳೆದರು. ಬೆಣ್ಣೆ, ಸಕ್ಕರೆ, ಚಹಾ, ಮಾಂಸ ಎಲ್ಲಕ್ಕೂ ರೇಷನ್, ತರಕಾರಿಗೆ ಇರಲಿಲ್ಲ. ಗಂಡಸರು ಯುದ್ಧಕ್ಕೆ ಹೋದ ಮನೆಗಳಲ್ಲಿ ಗುದ್ದಲಿ ಹಿಡಿದವರು ಹೆಂಗಸರು. ನಮ್ಮ ಅಜ್ಜಿಯ ತಾಯಿಯೂ ಅವರಲ್ಲಿ ಒಬ್ಬರಂತೆ.

ಆ ಗುಡ್ ಫ್ರೈಡೇ ದಿನ ನಾನೂ ಅವರ ಜೊತೆ ಹೋದೆ. ಚಳಿಗಾಲಕ್ಕೆ ಮುಂಚೆಯೇ ಅಗೆದು ಬಿಟ್ಟ ಹೆಂಟೆಗಳನ್ನು ಹಿಮವೇ ಪುಡಿ ಮಾಡಿತ್ತು. ಅಜ್ಜಿ ಮೊದಲು ನೆಲ ತುಳಿದು ನೋಡಿದರು. ಮಣ್ಣು ಬೂಟಿಗೆ ಮೆತ್ತಿಕೊಂಡರೆ ಅಂದು ಕೆಲಸ ಬೇಡ. ಒದ್ದೆ ನೆಲ ತುಳಿದರೆ ಗಟ್ಟಿಯಾಗುತ್ತದೆ. ಅಂದು ಮೆತ್ತಲಿಲ್ಲ. ಗೇಣುದ್ದಕ್ಕಿಂತ ಸ್ವಲ್ಪ ಕಡಿಮೆ ಆಳದ ಸಾಲು ತೆಗೆದು, ಒಂದೊಂದು ಅಡಿಗೆ ಒಂದೊಂದು ಬಟಾಟೆ ಇಟ್ಟೆವು. ಚಿಗುರು ಕಂಡಾಗ ಮತ್ತೆ ಮಣ್ಣು ಏರಿಸಿ ಮುಚ್ಚಬೇಕು, ಚಳಿಗೆ ಅದೇ ಹೊದಿಕೆ. ಪಕ್ಕದಲ್ಲಿ ಈರುಳ್ಳಿಯ ಪುಟ್ಟ ಗೆಡ್ಡೆಗಳನ್ನು ಊರಿದೆವು.

ಸಾಲು ಮುಚ್ಚುವಾಗ ನನ್ನ ಅಮ್ಮ ನೆನಪಾದರು. ಉಡುಪಿ ಕಡೆಯ ನಮ್ಮದು ಗೇಣಿ ಒಕ್ಕಲಿನ ಮನೆ. ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಅಮ್ಮ ಸುಡುಮಣ್ಣು ಹಾಕಿ ಅಲಸಂದೆ, ಸೌತೆ, ಹರಿವೆ ಬೆಳೆಯುತ್ತಿದ್ದರು. ಮೊದಲ ಸೌತೆ, ಒಳ್ಳೆಯ ಕುಂಬಳ ಧಣಿಗಳ ಮನೆಗೆ, ಉಳಿದದ್ದು ನಮಗೆ. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಅಪ್ಪ ಡಿಕ್ಲರೇಶನ್ ಕೊಟ್ಟರು. ಗದ್ದೆ ನಮ್ಮ ಹೆಸರಿಗೆ ಆದ ವರ್ಷ ಅಮ್ಮ ಮೊದಲ ಸೌತೆಯನ್ನು ಕೊಯ್ದು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು. ಆಮೇಲೆ ನನ್ನನ್ನು ಕರೆದು, "ಮಗಾ, ಇದನ್ನು ನೀನೇ ತಿನ್ನು" ಎಂದರು. ಆಗ ನನಗೆ ಅದು ಬರೀ ಸೌತೆಕಾಯಿ.

ಇದನ್ನು ಅಜ್ಜಿಗೆ ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಮಾತಾಡಲಿಲ್ಲ. ಟ್ರೇಯಲ್ಲಿ ಉಳಿದಿದ್ದ ಕೊನೆಯ ಬಟಾಟೆಯನ್ನು ನನ್ನ ಕೈಗೆ ಕೊಟ್ಟು, ಸಾಲಿನ ತುದಿ ತೋರಿಸಿದರು.

ಈಗ ಮಗಳೂ ಕೌನ್ಸಿಲ್‌ನಲ್ಲಿ ಹೆಸರು ಬರೆಸಿದ್ದಾಳೆ. ಸರದಿ ಬರಲು ವರ್ಷಗಳೇ ಹಿಡಿಯಬಹುದು. ಮೊದಲ ಸಾಲು ಯಾವ ದಿನ ನೆಡಬೇಕೆಂದು ಮಾತ್ರ ಅವಳಿಗೆ ಹೇಳಿಟ್ಟಿದ್ದೇನೆ.