ಸಮವಸ್ತ್ರ ಕೊಟ್ಟದ್ದೇನು?

ಟಾಲಾದ ನಮ್ಮ ಮನೆಯಿಂದ ಬಾಲ್ಡೊನೆಲ್‌ನ ಕೇಸ್ಮೆಂಟ್ ವಾಯುನೆಲೆ ದೂರವಿಲ್ಲ. ಅಲ್ಲಿ ಸೇರುವ ಆಸೆ ಮಗಳದು. "ಸೈನ್ಯ ನಮ್ಮಂಥ ಬಣ್ಣದವರನ್ನು ಮೇಲೆತ್ತುತ್ತದೆಯೇ ಅಪ್ಪಾ?" ಎಂದು ಕೇಳಿದಳು. ಉತ್ತರ ಹುಡುಕುತ್ತಾ ನಾನು ಚರಿತ್ರೆಯ ಪುಟ ತೆರೆದೆ.

ಅಂಬೇಡ್ಕರರ ತಂದೆ ಸುಬೇದಾರ್ ರಾಮ್‌ಜಿ ಸಕ್ಪಾಲ್ ಸೈನ್ಯದ ಶಾಲೆಯಲ್ಲಿ ಶಿಕ್ಷಕರಾಗಿದ್ದವರು. ಊರಿನ ಶಾಲೆಗಳು ಅಸ್ಪೃಶ್ಯರನ್ನು ದೂರವಿಟ್ಟಿದ್ದ ಕಾಲದಲ್ಲಿ ಸೈನ್ಯ ಮಹಾರರಿಗೆ ಅಕ್ಷರ, ಸಂಬಳ, ಪಿಂಚಣಿ ಕೊಟ್ಟಿತ್ತು. ಆದರೆ 1890ರ ದಶಕದಲ್ಲಿ ಬ್ರಿಟಿಷರು, ಮಹಾರರು 'ಯೋಧ ಜನಾಂಗ'ವಲ್ಲವೆಂದು ನೇಮಕಾತಿ ನಿಲ್ಲಿಸಿದರು. ಮೊದಲ ಮಹಾಯುದ್ಧದ ಅಗತ್ಯಕ್ಕೆ 1917ರಲ್ಲಿ 111ನೇ ಮಹಾರ್ ಪಡೆಯನ್ನು ಕಟ್ಟಿ, 1921ರ ಹೊತ್ತಿಗೆ ವಿಸರ್ಜಿಸಿದರು. ಅಂಬೇಡ್ಕರರ ಒತ್ತಾಯದ ನಂತರ, 1941ರಲ್ಲಿ ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಸ್ಥಾಪನೆಯಾಯಿತು.

ಅಮೆರಿಕದ ಕಪ್ಪು ಯುವಕ ಯುವತಿಯರ ಕಥೆಯೂ ಇದಕ್ಕೆ ಹತ್ತಿರ. ಎರಡನೇ ಮಹಾಯುದ್ಧದಲ್ಲಿ ಅವರು ದುಡಿದದ್ದು ಬಹುಪಾಲು ಪ್ರತ್ಯೇಕ ತುಕಡಿಗಳಲ್ಲಿ. 1944ರ ಕಾಯ್ದೆ ಮಾಜಿ ಸೈನಿಕರಿಗೆ ಓದು, ಮನೆಸಾಲದ ನೆರವು ನೀಡಿತು. ಬ್ಯಾಂಕು, ಕಾಲೇಜುಗಳ ಭೇದಭಾವದಿಂದ ಅನೇಕ ಕಪ್ಪು ಸೈನಿಕರಿಗೆ ಅದು ದಕ್ಕಲಿಲ್ಲ. ಸೈನ್ಯದಲ್ಲಿ ಸಮಾನ ಅವಕಾಶಕ್ಕೆ ಅಧ್ಯಕ್ಷ ಟ್ರೂಮನ್ ಆದೇಶ ಹೊರಡಿಸಿದ್ದು 1948ರಲ್ಲಿ.

ಮಗಳಿಗೆ ಹೇಳಿದೆ: "ಸೇರುವುದಾದರೆ ಸೇರು, ಪುಟ್ಟಿ. ಗೌರವವನ್ನು ಕೊಟ್ಟವರು ಹಿಂದಕ್ಕೆ ಪಡೆಯಬಹುದು, ಕಲಿತದ್ದನ್ನು ಪಡೆಯಲಾರರು. ಸೈನ್ಯದ ಬಾಗಿಲು ಮುಚ್ಚಿದ ಮೇಲೂ ಸುಬೇದಾರರ ಮನೆಯಲ್ಲಿ ಅಕ್ಷರ ಉಳಿಯಿತು."