ಫಿಲೊಡೆಂಡ್ರಾನ್ ಪಾಲನೆ

ಫಿಲೊಡೆಂಡ್ರಾನ್ ಎಂಬುದು ಕೆಸು ಮತ್ತು ಸುವರ್ಣಗೆಡ್ಡೆಗಳು ಸೇರಿರುವ ಅರೇಸಿಯೆ ಕುಟುಂಬದ ಒಂದು ಸಸ್ಯಕುಲ. ಅಮೆರಿಕ ಖಂಡಗಳ ಉಷ್ಣವಲಯದ ಕಾಡುಗಳು ಇದರ ಮೂಲನೆಲೆ. ಆಸ್ಟ್ರಿಯಾದ ಸಸ್ಯವಿಜ್ಞಾನಿ ಹೈನ್ರಿಚ್ ವಿಲ್ಹೆಲ್ಮ್ ಶಾಟ್ 1829ರಲ್ಲಿ ಈ ಕುಲವನ್ನು ಹೆಸರಿಸಿದನು. ಗ್ರೀಕ್ ಮೂಲದ ಈ ಹೆಸರಿಗೆ ‘ಮರವನ್ನು ಪ್ರೀತಿಸುವುದು’ ಎಂಬ ಅರ್ಥವಿದೆ. ಇದರ ಹಲವು ಪ್ರಭೇದಗಳು ಗಾಳಿಬೇರುಗಳ ನೆರವಿನಿಂದ ಮರಗಳನ್ನು ಹಬ್ಬಿ ಬೆಳೆಯುತ್ತವೆ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಇದನ್ನು ಮನೆಯ ಒಳಗೂ ತೋಟದ ನೆರಳಿನಲ್ಲೂ ಬೆಳೆಸಬಹುದು. ನೆರೆಹೊರೆಯ ತಾಲ್ಲೂಕುಗಳಾದರೂ ಇವುಗಳ ನೀರು ಮತ್ತು ಗಾಳಿಯ ತೇವ ಒಂದೇ ಬಗೆಯಾಗಿಲ್ಲದ ಕಾರಣ ಪಾಲನೆಯ ಕ್ರಮವೂ ಬದಲಾಗುತ್ತದೆ.

ಗುರುತಿಸುವಿಕೆ

ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಹೃದಯಾಕಾರದ ಎಲೆಯ ಫಿಲೊಡೆಂಡ್ರಾನ್ ಹೆಡೆರೇಸಿಯಮ್. ಇದನ್ನು ಮನಿ ಪ್ಲಾಂಟ್ ಎಂದು ಕರೆಯುವುದುಂಟು. ಆದರೆ ಆ ಹೆಸರಿನಿಂದ ಪ್ರಸಿದ್ಧವಾದ ಬಳ್ಳಿ ಎಪಿಪ್ರೆಮ್ನಮ್ ಔರಿಯಮ್ ಎಂಬ ಬೇರೊಂದು ಸಸ್ಯ. ಫಿಲೊಡೆಂಡ್ರಾನ್‌ನಲ್ಲಿ ಹೊಸ ಎಲೆಯು ತೆಳುವಾದ ಪೊರೆಯೊಂದರಿಂದ ಹೊರಬರುತ್ತದೆ, ಅನಂತರ ಆ ಪೊರೆ ಒಣಗಿ ಉದುರುತ್ತದೆ. ಮನಿ ಪ್ಲಾಂಟಿನಲ್ಲಿ ಇಂತಹ ಪೊರೆ ಇಲ್ಲ; ಹೊಸ ಎಲೆ ಹಿಂದಿನ ಎಲೆಯ ತೊಟ್ಟಿನ ಬಳಿಯಿಂದ ಸುರುಳಿ ಬಿಚ್ಚುತ್ತದೆ. ತೋಟಗಳಲ್ಲಿ ಕಾಣುವ ಸೀಳೆಲೆಯ ದೊಡ್ಡ ಗಿಡವನ್ನು ದೀರ್ಘಕಾಲ ಫಿಲೊಡೆಂಡ್ರಾನ್ ಬೈಪಿನ್ನಾಟಿಫಿಡಮ್ ಎನ್ನುತ್ತಿದ್ದರು. 2018ರಲ್ಲಿ ಅದನ್ನು ಥಾಮಟೊಫಿಲಮ್ ಕುಲಕ್ಕೆ ಸೇರಿಸಲಾಯಿತು. ಪಾಲನೆಯ ದೃಷ್ಟಿಯಿಂದ ಈ ಬದಲಾವಣೆ ಮುಖ್ಯವಲ್ಲ.

ಹವಾಗುಣ ಮತ್ತು ನೀರು

ಗಿಡಕ್ಕೆ ಹಿತವಾದ ಉಷ್ಣಾಂಶ 18ರಿಂದ 30 ಡಿಗ್ರಿ ಸೆಲ್ಸಿಯಸ್. ಈ ಪ್ರದೇಶದ ಚಳಿಗಾಲ ಗಿಡವನ್ನು ಕೊಲ್ಲುವಷ್ಟು ಕಠಿಣವಲ್ಲ. ಬೆಳವಣಿಗೆ ಮಾತ್ರ ನಿಧಾನವಾಗುತ್ತದೆ. ಮಾರ್ಚಿಯಿಂದ ಮೇ ವರೆಗಿನ ಒಣ ಬಿಸಿಲೇ ನಿಜವಾದ ಪರೀಕ್ಷೆ.

ಕಾವೇರಿಯ ದ್ವೀಪದಲ್ಲಿರುವ ಶ್ರೀರಂಗಪಟ್ಟಣ ಹಾಗೂ ವಿಶ್ವೇಶ್ವರಯ್ಯ ನಾಲೆ ಹಾಯ್ದುಹೋಗುವ ಪಾಂಡವಪುರದಲ್ಲಿ ಗದ್ದೆ ಮತ್ತು ಕಬ್ಬಿನ ತೋಟಗಳ ನಡುವಿನ ಗಾಳಿಯಲ್ಲಿ ತೇವ ಹೆಚ್ಚು. ಇಲ್ಲಿ ಗಿಡ ಸಾಯುವುದು ಬಾಯಾರಿಕೆಗಿಂತ ಹೆಚ್ಚಾಗಿ ಬೇರುಕೊಳೆತದಿಂದ. ನಾಗಮಂಗಲದ ಬಹುಭಾಗ ರಾಗಿ, ಹುರುಳಿ ಮತ್ತು ತೆಂಗಿನ ಮಳೆಯಾಶ್ರಿತ ಸೀಮೆ; ಅಲ್ಲಿ ಬೇಸಿಗೆಯಲ್ಲಿ ಎಲೆಯಂಚು ಕಂದಾಗಿ ಸುಡುತ್ತದೆ. ಕೊಳವೆಬಾವಿಯ ಗಡಸು ನೀರನ್ನು ಸತತವಾಗಿ ಹಾಕಿದರೆ ಕುಂಡದ ಮೇಲ್ಮಣ್ಣಿನಲ್ಲಿ ಬಿಳಿಯ ಲವಣ ಕಟ್ಟುವುದರಿಂದ ಮಳೆನೀರನ್ನು ಹಿಡಿದಿಟ್ಟು ಬಳಸುವುದು ಉತ್ತಮ. ಹೇಮಾವತಿ ಹರಿಯುವ ಕೃಷ್ಣರಾಜಪೇಟೆಯಲ್ಲಿ ಎರಡು ಬಗೆಯ ನೆಲವೂ ಇದೆ.

ಎಲ್ಲೆಡೆಗೂ ಸಲ್ಲುವ ಕ್ರಮವೆಂದರೆ, ಬೆರಳನ್ನು ಮಣ್ಣಿಗೆ ಇಳಿಸಿ ಮೇಲಿನ 2–3 ಸೆಂಟಿಮೀಟರ್ ಒಣಗಿದ್ದರೆ ಮಾತ್ರ ನೀರು ಹಾಕುವುದು. ನೀರು ಕಡಿಮೆಯಾದರೂ ಹೆಚ್ಚಾದರೂ ಎಲೆಗಳು ಜೋತುಬೀಳುತ್ತವೆ. ಆದ್ದರಿಂದ ಜೋತ ಗಿಡವನ್ನು ಕಂಡ ಕೂಡಲೇ ನೀರೆರೆಯುವುದು ಅನೇಕ ಬಾರಿ ಅದನ್ನು ಕೊಲ್ಲುತ್ತದೆ. ಮಣ್ಣು ಹಸಿಯಾಗಿದ್ದು ಕಾಂಡದ ಬುಡ ಮೆತ್ತಗಾಗಿದ್ದರೆ ಗಿಡವನ್ನು ಕಿತ್ತು, ಕಪ್ಪಾದ ಬೇರುಗಳನ್ನು ಕತ್ತರಿಸಿ, ಹೊಸ ಮಣ್ಣಿನಲ್ಲಿ ನೆಡಬೇಕು.

ಒಳಾಂಗಣದಲ್ಲಿ

ಪೂರ್ವ ಅಥವಾ ಉತ್ತರದ ಕಿಟಕಿಯ ಬಳಿಯ ಬೆಳಕು ಸಾಕು. ಗೆಣ್ಣುಗಳ ನಡುವಿನ ಅಂತರ ಹೆಚ್ಚಿ ಎಲೆ ಸಣ್ಣದಾಗುತ್ತಿದ್ದರೆ ಬೆಳಕು ಸಾಲದೆಂದು ತಿಳಿಯಬೇಕು. ಗದ್ದೆಯ ಜೇಡಿಮಣ್ಣು ಕುಂಡದಲ್ಲಿ ಗಟ್ಟಿಯಾಗಿ ಬೇರಿಗೆ ಗಾಳಿ ತಡೆಯುವುದರಿಂದ ತಕ್ಕುದಲ್ಲ. ಕೆಂಪು ಮಣ್ಣು ಮತ್ತು ತೆಂಗಿನ ನಾರಿನ ಪುಡಿ ತಲಾ ಒಂದು ಪಾಲು, ಎರೆಗೊಬ್ಬರ ಮತ್ತು ಇದ್ದಿಲ ಚೂರು ತಲಾ ಅರ್ಧ ಪಾಲು ಬೆರೆಸಿದರೆ ನೀರು ಸರಾಗವಾಗಿ ಬಸಿಯುತ್ತದೆ. ನಾರಿನ ಪುಡಿಯಲ್ಲಿ ಲವಣಾಂಶವಿರುವುದರಿಂದ ಅದನ್ನು ಎರಡು ಮೂರು ಬಾರಿ ನೆನೆಸಿ ತೊಳೆಯಬೇಕು. ಸಕ್ಕರೆ ಕಾರ್ಖಾನೆಯ ಮಡ್ಡಿಯನ್ನು ಹಸಿಯಾಗಿ ಹಾಕಬಾರದು. ಅದು ಕೊಳೆಯುವಾಗ ಬಿಸಿಯೇರಿ ಬೇರನ್ನು ಸುಡುತ್ತದೆ. ಎಲೆಗಳ ಮೇಲೆ ನೀರು ಚಿಮುಕಿಸುವ ರೂಢಿಯಿಂದ ದೊರೆಯುವ ತೇವ ಅಲ್ಪಕಾಲದ್ದು. ಕೆಲವು ಕುಂಡಗಳನ್ನು ಒಟ್ಟಾಗಿ ಇಡುವುದು ಅದಕ್ಕಿಂತ ಪ್ರಯೋಜನಕಾರಿ.

ಹೊರಾಂಗಣದಲ್ಲಿ

ನೇರ ಬಿಸಿಲು ತಗಲದ ಮಾವು ಅಥವಾ ಹಲಸಿನ ಬುಡ ಅನುಕೂಲಕರ. ಹೊಂಗೆಯ ಮರ ಬೇಸಿಗೆಯ ಆರಂಭದಲ್ಲಿ ಎಲೆ ಉದುರಿಸುವುದರಿಂದ ಅಲ್ಲಿ ಹಬ್ಬಿದ ಬಳ್ಳಿ ಹಠಾತ್ತನೆ ಬಿಸಿಲಿಗೆ ಸಿಲುಕುತ್ತದೆ. ಫಸಲು ಕೊಡುವ ತೆಂಗಿನ ಮರಕ್ಕೆ ಹಬ್ಬಿಸುವುದು ಸರಿಯಲ್ಲ: ಕಾಯಿ ಕೀಳಲು ಹತ್ತುವವರ ಹಿಡಿತಕ್ಕೆ ಬಳ್ಳಿ ಅಡ್ಡಿಯಾಗುತ್ತದೆ. ಹಿಟ್ಟು ತಿಗಣೆ ಕಂಡರೆ ಒದ್ದೆ ಬಟ್ಟೆಯಿಂದ ಒರೆಸಿ, ಸೋಪಿನ ನೀರಿನಲ್ಲಿ ಕಲಸಿದ ಬೇವಿನ ಎಣ್ಣೆಯನ್ನು ಸಂಜೆ ಸಿಂಪಡಿಸಲಾಗುತ್ತದೆ.

ವಿಷಗುಣ

ಗಿಡದ ಎಲ್ಲ ಭಾಗಗಳಲ್ಲೂ ಸೂಜಿಯಾಕಾರದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಜಗಿದರೆ ಬಾಯಿ ಮತ್ತು ಗಂಟಲಿನಲ್ಲಿ ಉರಿ, ಊತ, ಜೊಲ್ಲು ಸುರಿಯುವಿಕೆ ಉಂಟಾಗುತ್ತವೆ. ಹೃದಯಾಕಾರದ ಎಲೆ ವೀಳ್ಯದೆಲೆಯನ್ನು ಹೋಲುವುದರಿಂದ ಎರಡು ಬಳ್ಳಿಗಳನ್ನು ಒಂದೇ ಕಡೆ ಹಬ್ಬಿಸುವುದು ಅಪಾಯಕರ. ವೀಳ್ಯದೆಲೆಯನ್ನು ಹಿಸುಕಿದರೆ ಘಾಟು ವಾಸನೆ ಬರುತ್ತದೆ, ಇದರಲ್ಲಿ ಅದಿಲ್ಲ. ರುಚಿ ನೋಡಿ ಪರೀಕ್ಷಿಸಲೇಬಾರದು. ಕೆಸುವಿನ ಸೊಪ್ಪಿನಂತೆ ಹುಣಸೆಹುಳಿ ಹಾಕಿ ಬೇಯಿಸಿದರೂ ಇದು ಆಹಾರವಲ್ಲ. ಮಗು ಜಗಿದಿದ್ದರೆ ಬಾಯಿಯನ್ನು ಒರೆಸಿ ತೊಳೆಯಬೇಕು, ವಾಂತಿ ಮಾಡಿಸಬಾರದು. ಊತದಿಂದ ಉಸಿರಾಟಕ್ಕೆ ಅಥವಾ ನುಂಗಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ನಾಯಿ, ಬೆಕ್ಕುಗಳಿಗೂ ಇದು ವಿಷಕಾರಿ. ಕತ್ತರಿಸಿದ ಬಳ್ಳಿಯನ್ನು ಹಸಿಮೇವೆಂದು ಕೊಟ್ಟಿಗೆಯ ಬಳಿ ಹಾಕಬಾರದು.

ಸಸ್ಯಾಭಿವೃದ್ಧಿ

ಕನಿಷ್ಠ ಒಂದು ಗೆಣ್ಣಿರುವ ತುಂಡನ್ನು ನೀರಿನಲ್ಲಿ ಅಥವಾ ತೇವದ ನಾರಿನ ಪುಡಿಯಲ್ಲಿ ಇಟ್ಟರೆ ಕೆಲವು ವಾರಗಳಲ್ಲಿ ಬೇರೊಡೆಯುತ್ತದೆ. ಮಳೆಗಾಲದ ಆರಂಭ ಇದಕ್ಕೆ ಸೂಕ್ತ. ನಿಂತ ನೀರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದರಿಂದ ಬಾಟಲಿಯ ನೀರನ್ನು ವಾರಕ್ಕೆ ಎರಡು ಬಾರಿ ಬದಲಿಸಿ, ಒಳಗೋಡೆಯನ್ನು ಉಜ್ಜಬೇಕು. ಗೆಣ್ಣಿರುವ ತುಂಡು ಎಲ್ಲಿ ಬಿದ್ದರೂ ಬೇರೂಡಬಲ್ಲದು. ಆದ್ದರಿಂದ ಸವರಿದ ಬಳ್ಳಿಯನ್ನು ನಾಲೆಗೆ ಅಥವಾ ರಂಗನತಿಟ್ಟಿನಂತಹ ಪಕ್ಷಿಧಾಮವಿರುವ ಕಾವೇರಿಯ ದಡಕ್ಕೆ ಎಸೆಯದೆ, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಲಾಗುತ್ತದೆ.